ಬಿಡದೆ ಹಿಡಿದ ಭಾಷೆ: ಸಂತ ಜೆರೋಮರ ಹಿಬ್ರೂ ಕಲಿಕೆ



ಪ್ರತಿ ವರ್ಷ ಸೆಪ್ಟೆಂಬರ್ 30 ರಂದು ಧರ್ಮಸಭೆಯು ಸಂತ ಜೆರೋಮರ ಹಬ್ಬವನ್ನು ಆಚರಿಸುತ್ತದೆ. ಪವಿತ್ರ ಬೈಬಲನ್ನು ಲತೀನ್ ಭಾಷೆಗೆ ತಂದವರು ಎಂದು ಧರ್ಮೋಪದೇಶದ ತರಗತಿಯ ಮಕ್ಕಳೂ ಅವರನ್ನು ಬಲ್ಲರು. ಚಿತ್ರಗಳಲ್ಲಿ ನಾವು ನೋಡುವ ಜೆರೋಮರು ಬಿಳಿ ಗಡ್ಡದ ಮುದುಕರು. ಕಾಲ ಬಳಿ ಸಿಂಹ, ಮೇಜಿನ ಮೇಲೆ ತಲೆಬುರುಡೆ, ಕೈಯಲ್ಲಿ ಲೇಖನಿ. ಕಣ್ಣು ಮೇಲೆತ್ತಿದರೆ ಸಾಕು, ದೇವದೂತನೊಬ್ಬ ಕಿವಿಯಲ್ಲಿ ಹೇಳಿಕೊಡುತ್ತಾನೆ, ಅವರು ಬರೆದುಕೊಳ್ಳುತ್ತಾರೆ ಎನ್ನುವಂತೆ ಕಲಾವಿದರು ಚಿತ್ರಿಸಿದ್ದಾರೆ.

ಆದರೆ ಅವರ ಪತ್ರಗಳನ್ನೂ ಮುನ್ನುಡಿಗಳನ್ನೂ ಓದಿದವರಿಗೆ ಬೇರೊಬ್ಬ ಜೆರೋಮರು ಕಾಣಿಸುತ್ತಾರೆ. ಅಕ್ಷರ ತಿದ್ದಲಾರದೆ ಬೇಸತ್ತವರು, ಪುಸ್ತಕ ಮುಚ್ಚಿಟ್ಟು ಎದ್ದು ಹೋದವರು, ಮತ್ತೆ ಬಂದು ಕುಳಿತವರು, ಮೇಷ್ಟರಿಗೆ ಹಣ ಕೊಟ್ಟು ಪಾಠ ಹೇಳಿಸಿಕೊಂಡವರು, ಕಲಿತದ್ದು ಕೈಬಿಟ್ಟು ಹೋದೀತೆಂದು ಮುಪ್ಪಿನವರೆಗೂ ಹೆದರುತ್ತಿದ್ದವರು. ಒಂದು ಪರಭಾಷೆಯನ್ನು ಕಲಿಯುವುದು ಎಷ್ಟು ಕಷ್ಟ, ಕಲಿತದ್ದನ್ನು ಉಳಿಸಿಕೊಳ್ಳುವುದು ಅದಕ್ಕಿಂತ ಎಷ್ಟು ಕಷ್ಟ ಎಂಬುದನ್ನು ಅವರಷ್ಟು ಬಿಚ್ಚುಮನಸ್ಸಿನಿಂದ ಬರೆದಿಟ್ಟ ಸಂತರು ವಿರಳ. ಈ ಹಬ್ಬದ ಸಂದರ್ಭದಲ್ಲಿ ಆ ಕಥೆಯನ್ನು ಸ್ವಲ್ಪ ವಿವರವಾಗಿ ನೋಡೋಣ.

ರೋಮಿನ ಶಾಲೆಯ ಹುಡುಗ

ಜೆರೋಮರು ಹುಟ್ಟಿದ್ದು ಕ್ರಿ.ಶ. 347 ರ ಸುಮಾರಿಗೆ, ದಲ್ಮಾತಿಯ ಮತ್ತು ಪನ್ನೋನಿಯ ಪ್ರಾಂತ್ಯಗಳ ಗಡಿಯಲ್ಲಿದ್ದ ಸ್ತ್ರಿದೋನ್ ಎಂಬ ಸಣ್ಣ ಊರಿನಲ್ಲಿ. ತಂದೆ ತಾಯಿ ಕ್ರೈಸ್ತರು, ಅನುಕೂಲಸ್ಥರು. ಮಗ ಚೆನ್ನಾಗಿ ಓದಲಿ ಎಂದು ರೋಮಿಗೆ ಕಳುಹಿಸಿದರು. ಅಲ್ಲಿ ಆ ಕಾಲದ ಹೆಸರಾಂತ ವ್ಯಾಕರಣಕಾರ ದೊನಾತಸ್ ಅವರ ಗುರು. ಸಿಸಿರೋ, ವರ್ಜಿಲ್ ಮುಂತಾದವರ ಲತೀನ್ ಗ್ರಂಥಗಳನ್ನು ಅವರು ಅರೆದು ಕುಡಿದರು. ಸ್ವಂತ ಕೈಯಿಂದ ನಕಲು ಮಾಡಿ ಒಂದು ಗ್ರಂಥಭಂಡಾರವನ್ನೇ ಕಟ್ಟಿಕೊಂಡರು. ಎಲ್ಲಿ ಹೋದರೂ ಅದು ಅವರ ಜೊತೆಗೇ ಹೋಗುತ್ತಿತ್ತು.

ಸುಮಾರು 374 ರಲ್ಲಿ ಅವರು ಸಿರಿಯಾದ ಅಂತಿಯೋಕ್ಯಕ್ಕೆ ಬಂದರು. ಜೊತೆಗಿದ್ದ ಇಬ್ಬರು ಗೆಳೆಯರು ಅಲ್ಲಿ ತೀರಿಕೊಂಡರು. ಅವರೂ ಕಾಯಿಲೆ ಬಿದ್ದರು. ಆ ಜ್ವರದಲ್ಲಿ ಅವರಿಗೊಂದು ಕನಸು: ನ್ಯಾಯಾಧೀಶನ ಮುಂದೆ ನಿಂತಿದ್ದಾರೆ. ತಾನು ಕ್ರೈಸ್ತನೆಂದು ಹೇಳಿಕೊಂಡಾಗ, ಇಲ್ಲ, ನೀನು ಕ್ರಿಸ್ತನ ಕಡೆಯವನಲ್ಲ, ಸಿಸಿರೋವಿನ ಕಡೆಯವನು ಎಂಬ ತೀರ್ಪು ಬರುತ್ತದೆ. ಈ ಕನಸಿನ ಅರ್ಥವೇನೇ ಇರಲಿ, ಅವರ ಮನಸ್ಸು ಪವಿತ್ರ ಗ್ರಂಥದ ಕಡೆಗೆ ತಿರುಗಿತು. ಸ್ವಲ್ಪ ಕಾಲದಲ್ಲೇ ಅವರು ಅಂತಿಯೋಕ್ಯದ ಆಗ್ನೇಯಕ್ಕಿರುವ ಖಾಲ್ಕಿಸ್ ಮರುಭೂಮಿಗೆ ಏಕಾಂತವಾಸಕ್ಕೆ ಹೋದರು.

ಅಲ್ಲಿನ ಜನ ಆಡುತ್ತಿದ್ದುದು ಸಿರಿಯಾಕ್ ಭಾಷೆ. ರೋಮಿನಲ್ಲಿ ಮಾತಿಗೆ ಹೆಸರಾಗಿದ್ದ ಯುವಕ ಇಲ್ಲಿ ಮೂಕನಂತಾದರು. ಇಲ್ಲಿ ಒಂದೋ ಈ ಒರಟು ಭಾಷೆಯನ್ನು ಕಲಿಯಬೇಕು, ಇಲ್ಲವೇ ಬಾಯಿ ಮುಚ್ಚಿಕೊಂಡಿರಬೇಕು ಎಂದು ಊರಿನ ಗೆಳೆಯರಿಗೆ ಬರೆದರು. ಗೆಳೆಯರಿಂದ ಒಂದು ಪತ್ರ ಬಂದಾಗ ಅದನ್ನೇ ಅಪ್ಪಿಕೊಂಡು ಅದರೊಡನೆಯೇ ಮಾತಾಡಿದೆ, ಇಡೀ ಈ ಪ್ರದೇಶದಲ್ಲಿ ಲತೀನ್ ಬಲ್ಲದ್ದು ಆ ಕಾಗದವೊಂದೇ ಎಂದೂ ಬರೆದರು. ಗಲ್ಫ್ ದೇಶಗಳಲ್ಲೋ ಯೂರೋಪಿನಲ್ಲೋ ದುಡಿಯುತ್ತಿರುವ ಮಕ್ಕಳಿರುವ ನಮ್ಮ ಮನೆಗಳಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ.

ಮರುಭೂಮಿಯಲ್ಲಿ ಅಕ್ಷರಾಭ್ಯಾಸ

ಆ ಮರುಭೂಮಿಯಲ್ಲೇ ಅವರು ಹಿಬ್ರೂ ಕಲಿಯಲು ತೊಡಗಿದರು. ಅದಕ್ಕೆ ಅವರು ಕೊಡುವ ಕಾರಣ ಬಹಳ ಸರಳ. ಉಪವಾಸ ಮಾಡಿದರೂ ಯೌವನದ ಮನಸ್ಸು ಕೆಟ್ಟ ಯೋಚನೆಗಳಿಂದ ಕುದಿಯುತ್ತಿತ್ತು. ಅದನ್ನು ಪಳಗಿಸಲು ಕಷ್ಟದ ಕೆಲಸವೊಂದು ಬೇಕಿತ್ತು. ಯೆಹೂದ್ಯ ಧರ್ಮದಿಂದ ಕ್ರೈಸ್ತ ವಿಶ್ವಾಸಕ್ಕೆ ಬಂದಿದ್ದ ಒಬ್ಬ ಸನ್ಯಾಸಿಯ ಬಳಿ ಅವರು ಶಿಷ್ಯರಾಗಿ ಕುಳಿತರು.

ಮೂವತ್ತರ ಆಸುಪಾಸಿನ ವಿದ್ವಾಂಸರು ಮತ್ತೆ ಎಳೆಯ ಮಗುವಿನಂತೆ ಅಕ್ಷರ ತಿದ್ದಬೇಕಾಯಿತು. ಹಿಬ್ರೂವಿಗೆ 22 ಅಕ್ಷರಗಳು. ಬರೆಯುವುದು ಬಲದಿಂದ ಎಡಕ್ಕೆ. ಲತೀನ್ ನಾಲಿಗೆಗೆ ಒಗ್ಗದ ಗಂಟಲ ಧ್ವನಿಗಳು, ಬುಸುಗುಟ್ಟುವ ಧ್ವನಿಗಳು ಅದರಲ್ಲಿವೆ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಆ ಕಾಲದ ಹಿಬ್ರೂ ಬರವಣಿಗೆಯಲ್ಲಿ ಸ್ವರಚಿಹ್ನೆಗಳು ಇರಲಿಲ್ಲ. ಅವುಗಳನ್ನು ಯೆಹೂದ್ಯ ಪಂಡಿತರು ರೂಪಿಸಿದ್ದು ಕೆಲವು ಶತಮಾನಗಳ ನಂತರ. ನಮ್ಮ ಕನ್ನಡಕ್ಕೆ ಕಾಗುಣಿತವೇ ಇಲ್ಲ ಎಂದುಕೊಳ್ಳಿ. ಆಗ ಮರ, ಮರಿ, ಮಾರಿ, ಮೂರು, ಮೋರಿ ಎಲ್ಲವೂ ಕಾಗದದ ಮೇಲೆ ಕೇವಲ ‘ಮ’ ಮತ್ತು ‘ರ’ ಆಗಿಯೇ ಕಾಣುತ್ತವೆ. ಯಾವುದು ಎಲ್ಲಿ ಎಂದು ತಿಳಿಯಲು ವಾಕ್ಯದ ಅರ್ಥ ಗೊತ್ತಿರಬೇಕು, ಬಾಯಿಂದ ಬಾಯಿಗೆ ಬಂದ ಓದಿನ ಪದ್ಧತಿ ಗೊತ್ತಿರಬೇಕು. ಜೆರೋಮರೇ ಇದಕ್ಕೆ ಒಂದು ಉದಾಹರಣೆ ಕೊಡುತ್ತಾರೆ. ದ, ಬ, ರ ಎಂಬ ಮೂರು ವ್ಯಂಜನಗಳನ್ನು ‘ದಾಬಾರ್’ ಎಂದು ಓದಿದರೆ ‘ಮಾತು’ ಎಂದರ್ಥ. ‘ದೆಬೆರ್’ ಎಂದು ಓದಿದರೆ ‘ಪಿಡುಗು’. ಗುರುವಿಲ್ಲದೆ ಇಂಥ ಭಾಷೆಯನ್ನು ಪುಸ್ತಕದಿಂದ ಮಾತ್ರ ಕಲಿಯಲು ಸಾಧ್ಯವೇ ಇರಲಿಲ್ಲ. ಅವರ ಕೈಯಲ್ಲಿ ಸಿದ್ಧ ವ್ಯಾಕರಣ ಪುಸ್ತಕವಾಗಲಿ ನಿಘಂಟಾಗಲಿ ಇರಲಿಲ್ಲ ಎಂಬುದನ್ನೂ ಗಮನಿಸಬೇಕು.

ಮುಪ್ಪಿನಲ್ಲಿ ರುಸ್ತಿಕಸ್ ಎಂಬ ಯುವ ಸನ್ಯಾಸಿಗೆ ಬರೆದ ಪತ್ರದಲ್ಲಿ ಅವರು ಆ ದಿನಗಳನ್ನು ನೆನಪಿಸಿಕೊಳ್ಳುತ್ತಾರೆ. ಎಷ್ಟು ದುಡಿದೆ, ಎಷ್ಟು ಸಲ ಹತಾಶನಾದೆ, ಎಷ್ಟು ಸಲ ಬಿಟ್ಟುಬಿಟ್ಟೆ, ಕಲಿಯಬೇಕೆಂಬ ಹಟದಿಂದ ಎಷ್ಟು ಸಲ ಮತ್ತೆ ಆರಂಭಿಸಿದೆ ಎಂಬುದಕ್ಕೆ ನನ್ನ ಮನಸ್ಸಾಕ್ಷಿಯೂ ನನ್ನೊಡನೆ ಇದ್ದವರೂ ಸಾಕ್ಷಿ ಎನ್ನುತ್ತಾರೆ. ಕಹಿಯಾದ ಬೀಜದಿಂದ ಈಗ ಸಿಹಿ ಹಣ್ಣನ್ನು ಕೊಯ್ಯುತ್ತಿದ್ದೇನೆ ಎಂದು ದೇವರಿಗೆ ಕೃತಜ್ಞತೆ ಹೇಳುತ್ತಾರೆ.

ಹಿಬ್ರೂವಿನ ನೆಂಟ ಭಾಷೆಯಾದ ಅರಮಾಯಿಕ್ ಕಲಿಯುವಾಗಲೂ ಇದೇ ಕಥೆ. ದಾನಿಯೇಲನ ಗ್ರಂಥದ ಒಂದು ಭಾಗ ಆ ಭಾಷೆಯಲ್ಲಿದೆ. ಅದನ್ನು ಓದುವುದು ನೆಲಮಾಳಿಗೆಯಲ್ಲಿ ನಡೆದಂತೆ, ಮೇಲಿನಿಂದ ಅಲ್ಲೊಂದು ಇಲ್ಲೊಂದು ಬೆಳಕಿನ ಕಿಂಡಿ ಮಾತ್ರ ಕಾಣುತ್ತಿತ್ತು ಎಂದು ಅವರು ಹೇಳುತ್ತಾರೆ. ಬೇಸತ್ತು ಬಿಟ್ಟೇಬಿಟ್ಟಿದ್ದರು. ಒಬ್ಬ ಯೆಹೂದ್ಯರು ಬೆನ್ನು ತಟ್ಟಿ, ಹಟ ಬಿಡದ ದುಡಿಮೆ ಎಲ್ಲವನ್ನೂ ಗೆಲ್ಲುತ್ತದೆ ಎಂಬ ಅರ್ಥದ ಮಾತನ್ನು ತಮ್ಮ ಭಾಷೆಯಲ್ಲೇ ಮತ್ತೆ ಮತ್ತೆ ಹೇಳಿದ್ದರಿಂದ ಪುನಃ ಕುಳಿತರು. ಕೊನೆಗೂ ಆ ಭಾಷೆಯನ್ನು ಓದಿ ತಿಳಿದುಕೊಳ್ಳುವಷ್ಟು ಸುಲಭವಾಗಿ ಉಚ್ಚರಿಸಲು ನನಗೆ ಬಾರದು ಎಂದು ಮುನ್ನುಡಿಯಲ್ಲಿ ಬರೆದುಕೊಂಡಿದ್ದಾರೆ. ಇಷ್ಟು ದೊಡ್ಡ ಪಂಡಿತರು ತಮ್ಮ ಮಿತಿಯನ್ನು ಹೀಗೆ ಹೇಳಿಕೊಂಡದ್ದು ಸಣ್ಣ ಮಾತಲ್ಲ.

ಹಿಬ್ರೂ ಬಂತು, ಲತೀನಿಗೆ ತುಕ್ಕು ಹಿಡಿಯಿತು

ಮರುಭೂಮಿಯಿಂದ ಹೊರಟ ಜೆರೋಮರು ಕಾನ್ಸ್ಟಾಂಟಿನೋಪಲ್ ನಗರದಲ್ಲಿ ಸ್ವಲ್ಪ ಕಾಲ ಇದ್ದು, 382 ರಲ್ಲಿ ರೋಮಿಗೆ ಮರಳಿದರು. ಅಲ್ಲಿ ಜಗದ್ಗುರು ದಮಾಸಸರ ಕಾರ್ಯದರ್ಶಿಯಾದರು. ಶುಭಸಂದೇಶಗಳ ಲತೀನ್ ಅನುವಾದವನ್ನು ಪರಿಷ್ಕರಿಸುವ ಹೊಣೆಯನ್ನು ಜಗದ್ಗುರುಗಳು ಅವರಿಗೆ ವಹಿಸಿದರು.

ಕೆಲಸದ ಒತ್ತಡದಲ್ಲಿ ಹಿಬ್ರೂವನ್ನು ಅವರು ಬದಿಗಿಡಲಿಲ್ಲ. ಜಗದ್ಗುರುಗಳಿಗೆ ಬರೆದ ಪತ್ರವೊಂದರಲ್ಲಿ ಒಂದು ಸ್ವಾರಸ್ಯಕರ ಪ್ರಸಂಗವಿದೆ. ಒಬ್ಬ ಯೆಹೂದ್ಯರು ತಾವು ಓದುವುದಕ್ಕೆಂದು ಹೇಳಿ ಸಭಾಮಂದಿರದಿಂದ ಕೆಲವು ಸುರುಳಿಗಳನ್ನು ತಂದು ಜೆರೋಮರ ಕೈಗಿತ್ತರು. ಬೇಗ ಹಿಂದಿರುಗಿಸಬೇಕಿತ್ತು. ಜೆರೋಮರು ಹಿಡಿದ ಕೆಲಸವನ್ನೆಲ್ಲ ಬಿಟ್ಟು ನಕಲು ಮಾಡಲು ಕುಳಿತರು. ಜಗದ್ಗುರುಗಳ ಪ್ರಶ್ನೆಗೆ ಉತ್ತರ ತಡವಾದದ್ದಕ್ಕೆ ಇದೇ ಕಾರಣವಂತೆ!

ಆದರೆ ಒಂದು ಕಡೆ ಗಳಿಸಿದಾಗ ಇನ್ನೊಂದು ಕಡೆ ಕಳೆದುಕೊಳ್ಳುವ ಭಯ ಇದ್ದೇ ಇರುತ್ತದೆ. ಸಂತ ಮಾರ್ಸೆಲ್ಲಾ ಅವರಿಗೆ ಬರೆದ ಪತ್ರದಲ್ಲಿ ಜೆರೋಮರು, ಹಿಬ್ರೂ ಓದಿನಲ್ಲೇ ಮುಳುಗಿ ನನ್ನ ಲತೀನಿಗೆ ತುಕ್ಕು ಹಿಡಿದಿದೆ, ಮಾತಾಡುವಾಗಲೂ ಲತೀನಿನದಲ್ಲದ ಬುಸುಗುಟ್ಟುವ ಧ್ವನಿ ನುಸುಳುತ್ತದೆ ಎನ್ನುತ್ತಾರೆ. ಕೆಲವು ವರ್ಷಗಳ ನಂತರ ಗಲಾತ್ಯರ ಪತ್ರದ ವ್ಯಾಖ್ಯಾನದಲ್ಲೂ ಇದೇ ದೂರು. ಅವರ ಲತೀನ್ ಅಷ್ಟೇನೂ ಕೆಟ್ಟಿರಲಿಲ್ಲ ಎಂದು ಅದನ್ನು ಓದಿದವರೆಲ್ಲ ಹೇಳುತ್ತಾರೆ. ಆದರೂ ಭಾಷೆ ಲೋಹದಂತೆ, ಉಜ್ಜದೆ ಬಿಟ್ಟರೆ ಕಿಲುಬು ಹಿಡಿಯುತ್ತದೆ ಎಂಬ ಸತ್ಯವನ್ನು ಅವರು ಅನುಭವದಿಂದ ಬಲ್ಲವರಾಗಿದ್ದರು. ಕಲಿತ ಭಾಷೆ ಮಾತ್ರವಲ್ಲ, ಹುಟ್ಟಿನಿಂದ ಬಂದ ಭಾಷೆಯೂ ಮಂಕಾಗಬಹುದು.

ಬೆತ್ಲೆಹೇಮಿನ ರಾತ್ರಿ ಪಾಠ

ದಮಾಸಸರ ನಿಧನದ ನಂತರ ರೋಮಿನಲ್ಲಿ ಜೆರೋಮರಿಗೆ ವಿರೋಧಿಗಳು ಹೆಚ್ಚಿದರು. ಅವರ ಮಾತು ಹರಿತ, ಶತ್ರುಗಳನ್ನು ಸಂಪಾದಿಸುವುದು ಅವರಿಗೆ ಸುಲಭವಾಗಿತ್ತು. 385 ರಲ್ಲಿ ರೋಮನ್ನು ಬಿಟ್ಟು, 386 ರಲ್ಲಿ ಬೆತ್ಲೆಹೇಮಿನಲ್ಲಿ ನೆಲೆಸಿದರು. ಪ್ರಭು ಯೇಸು ಹುಟ್ಟಿದ ಗುಹೆಯ ಸಮೀಪದಲ್ಲೇ ಮಠ. ಅವರಿಗೆ ನೆರವಾಗಿ ನಿಂತ ರೋಮಿನ ಶ್ರೀಮಂತ ವಿಧವೆ ಸಂತ ಪೌಲಾ ಮತ್ತು ಮಗಳು ಎವುಸ್ತೋಕಿಯಂ ಅಲ್ಲಿಯೇ ಸ್ತ್ರೀಯರ ಮಠವನ್ನು ನಡೆಸಿದರು.

ಅಲ್ಲಿಗೆ ಬಂದಾಗ ಜೆರೋಮರಿಗೆ ಸುಮಾರು 40 ವರ್ಷ. ಹಿಬ್ರೂ ಓದಲು ಬರುತ್ತಿತ್ತು. ಇನ್ನು ಸಾಕು ಎನ್ನಬಹುದಿತ್ತು. ಆದರೆ ಅವರು ಮತ್ತೆ ಮೇಷ್ಟರನ್ನು ಹುಡುಕಿದರು. ಬರಾನಿನಾಸ್ ಎಂಬ ಯೆಹೂದ್ಯರು ಪಾಠ ಹೇಳಲು ಒಪ್ಪಿದರು. ತನ್ನ ಜನರಿಗೆ ಗೊತ್ತಾದರೆ ತೊಂದರೆ ಎಂಬ ಭಯದಿಂದ ಅವರು ಬರುತ್ತಿದ್ದುದು ರಾತ್ರಿಯಲ್ಲಿ. ರಾತ್ರಿ ವೇಳೆ ಯೇಸುವಿನ ಬಳಿಗೆ ಬಂದ ನಿಕೊದೇಮನಿಗೆ ಜೆರೋಮರು ಅವರನ್ನು ಹೋಲಿಸಿದ್ದಾರೆ. ಈ ಪಾಠಕ್ಕೆ ಎಷ್ಟು ಶ್ರಮಪಟ್ಟೆ, ಎಷ್ಟು ಬೆಲೆ ತೆತ್ತೆ ಎಂಬುದನ್ನೂ ಹೇಳಿದ್ದಾರೆ. ಯೋಬನ ಗ್ರಂಥದ ಕ್ಲಿಷ್ಟ ಹಿಬ್ರೂ ಅರ್ಥವಾಗದಿದ್ದಾಗ, ಲಿದ್ದ ಊರಿನ ಒಬ್ಬ ಪಂಡಿತರನ್ನು ಸಾಕಷ್ಟು ಹಣ ಕೊಟ್ಟು ಗೊತ್ತುಮಾಡಿಕೊಂಡರು. ತೊಬೀತನ ಗ್ರಂಥವನ್ನು ಅನುವಾದಿಸುವಾಗ ಎರಡೂ ಭಾಷೆ ಬಲ್ಲ ಒಬ್ಬರು ಅರಮಾಯಿಕ್ ಮೂಲವನ್ನು ಹಿಬ್ರೂವಿಗೆ ತಿರುಗಿಸಿ ಹೇಳಿದರು. ಜೆರೋಮರು ಅದನ್ನು ಕೇಳಿ ಲತೀನಿನಲ್ಲಿ ಹೇಳಿ ಬರೆಸಿದರು. ಕೆಲಸ ಮುಗಿದದ್ದು ಒಂದೇ ದಿನದಲ್ಲಿ.

ಹೀಗೆ ಯೆಹೂದ್ಯರ ಬಳಿ ಕಲಿತದ್ದಕ್ಕೆ ಅವರು ಟೀಕೆಗೆ ಗುರಿಯಾದರು. ಒಂದು ಕಾಲದ ಆಪ್ತ ಗೆಳೆಯ ರುಫಿನಸ್, ಬರಾನಿನಾಸ್ ಎಂಬ ಹೆಸರನ್ನು ಬೇಕೆಂದೇ ‘ಬರಬ್ಬ’ ಎಂದು ತಿರುಚಿ ಹಂಗಿಸಿದರು. ಕ್ರಿಸ್ತರನ್ನು ಬಿಟ್ಟು ಬರಬ್ಬನನ್ನು ಗುರುವಾಗಿ ಆರಿಸಿಕೊಂಡವನು ಎಂಬುದು ಆ ಚುಚ್ಚುಮಾತಿನ ಅರ್ಥ. ಜೆರೋಮರು ಜಗ್ಗಲಿಲ್ಲ. ಒಂದು ಭಾಷೆಯನ್ನು ಅದನ್ನು ಬದುಕುವ ಜನರಿಂದಲೇ ಕಲಿಯಬೇಕು ಎಂಬುದು ಅವರ ನಿಲುವಾಗಿತ್ತು. ಅದೇ ಜೆರೋಮರ ಬರಹಗಳಲ್ಲಿ ಯೆಹೂದ್ಯರ ಬಗ್ಗೆ ಕಟುವಾದ, ಇಂದು ನಾವು ಒಪ್ಪಲಾಗದ ಮಾತುಗಳೂ ಇವೆ ಎಂಬುದನ್ನು ಮುಚ್ಚಿಡಬಾರದು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965 ರಲ್ಲಿ ಯೆಹೂದ್ಯರೊಡನೆ ನಮಗಿರುವ ಬಾಂಧವ್ಯವನ್ನು ಸ್ಪಷ್ಟವಾಗಿ ಸಾರಿತು. ನಮ್ಮ ಲತೀನ್ ಬೈಬಲಿನ ಹಿಂದೆ ರಾತ್ರಿ ಕತ್ತಲಲ್ಲಿ ಬಂದು ಪಾಠ ಹೇಳಿದ ಯೆಹೂದ್ಯ ಗುರುಗಳ ಋಣವಿದೆ ಎಂಬುದನ್ನು ನೆನೆಯುವುದು ನ್ಯಾಯ.

ಪೌಲಾ ಹಾಡಿದ ಕೀರ್ತನೆಗಳು

ಈ ಕಥೆಯಲ್ಲಿ ನಮ್ಮ ತಾಯಂದಿರು ಗಮನಿಸಬೇಕಾದ ವ್ಯಕ್ತಿ ಸಂತ ಪೌಲಾ. ಐದು ಮಕ್ಕಳ ತಾಯಿ, ವಿಧವೆ. ಶಾಲೆಯ ವಯಸ್ಸು ದಾಟಿ ಎಷ್ಟೋ ವರ್ಷಗಳಾದ ಮೇಲೆ ಅವರು ಹಿಬ್ರೂ ಕಲಿಯಲು ಕುಳಿತರು. ಕೀರ್ತನೆಗಳನ್ನು ಮೂಲ ಭಾಷೆಯಲ್ಲೇ ಹಾಡಬೇಕೆಂಬುದು ಅವರ ಆಸೆ. 404 ರಲ್ಲಿ ಅವರು ತೀರಿಕೊಂಡಾಗ ಜೆರೋಮರು ಮಗಳು ಎವುಸ್ತೋಕಿಯಂಗೆ ಬರೆದ ದೀರ್ಘ ಪತ್ರದಲ್ಲಿ, ಪೌಲಾ ಹಿಬ್ರೂ ಕೀರ್ತನೆಗಳನ್ನು ಹಾಡುವಾಗ ಲತೀನ್ ಎಳೆತದ ಸುಳಿವೇ ಇರುತ್ತಿರಲಿಲ್ಲ ಎಂದು ಮೆಚ್ಚಿದ್ದಾರೆ. ಗುರುವನ್ನು ಶಿಷ್ಯೆ ಮೀರಿಸಿದ್ದರು. ಅವರ ಹಿರಿಯ ಮಗಳು ಬ್ಲೆಸಿಲ್ಲಾ ಕೂಡ ಹಿಬ್ರೂವನ್ನು ಬಹುಬೇಗ ಕಲಿತು, ಕೀರ್ತನೆ ಹಾಡುವುದರಲ್ಲಿ ತಾಯಿಯೊಡನೆ ಪೈಪೋಟಿ ನಡೆಸುತ್ತಿದ್ದಳು. ಅವಳು 384 ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲೇ ತೀರಿಕೊಂಡಳು.

ಪೌಲಾರನ್ನು ಮೆಚ್ಚುವ ಆ ಪತ್ರದಲ್ಲೇ ಜೆರೋಮರು ತಮ್ಮ ಬಗ್ಗೆ ಒಂದು ಮಾತು ಹೇಳಿಕೊಳ್ಳುತ್ತಾರೆ. ಯೌವನದಿಂದ ಬೆವರು ಸುರಿಸಿ ಈ ಭಾಷೆಯನ್ನು ಸ್ವಲ್ಪಮಟ್ಟಿಗೆ ಕಲಿತಿದ್ದೇನೆ, ಇಂದಿಗೂ ಬಿಡದೆ ಅಭ್ಯಾಸ ಮಾಡುತ್ತೇನೆ, ನಾನು ಅದರ ಕೈ ಬಿಟ್ಟರೆ ಅದು ನನ್ನ ಕೈ ಬಿಟ್ಟೀತು ಎಂಬುದು ಅದರ ಸಾರ. ಇದನ್ನು ಬರೆದಾಗ ಅವರು ಹಿಬ್ರೂ ಕಲಿಯಲು ಆರಂಭಿಸಿ ಮೂವತ್ತು ವರ್ಷಗಳ ಹತ್ತಿರವಾಗಿತ್ತು. ಹಳೆಯ ಒಡಂಬಡಿಕೆಯ ಬಹುಭಾಗವನ್ನು ಅನುವಾದಿಸಿಯಾಗಿತ್ತು. ಆಗಲೂ ಅವರಿಗೆ ಆ ಭಯವಿತ್ತು.

ಬಿಡದ ಅಭ್ಯಾಸವೆಂದರೆ ಏನು? ಅವರ ಬದುಕಿನಿಂದ ಕೆಲವನ್ನು ಗುರುತಿಸಬಹುದು. ದಿನವೂ ಹಿಬ್ರೂ ಗ್ರಂಥವನ್ನು ಓದುತ್ತಿದ್ದರು. ಕೈಸರೈಯದ ಗ್ರಂಥಭಂಡಾರದಲ್ಲಿ ಓರಿಗನ್ ಎಂಬ ಪಂಡಿತ ಆರು ಸಾಲುಗಳಲ್ಲಿ ಅಕ್ಕಪಕ್ಕ ಬರೆಸಿಟ್ಟಿದ್ದ ಹಿಬ್ರೂ ಮತ್ತು ಗ್ರೀಕ್ ಪಾಠಗಳನ್ನು ಹೋಲಿಸಿ ನೋಡುತ್ತಿದ್ದರು. ಬೈಬಲಿನ ಹಿಬ್ರೂ ಹೆಸರುಗಳಿಗೆ ಅರ್ಥ ಕೊಡುವ ಒಂದು ಪುಸ್ತಕವನ್ನೂ ಸ್ಥಳನಾಮಗಳ ಮತ್ತೊಂದು ಪುಸ್ತಕವನ್ನೂ ಸಿದ್ಧಪಡಿಸಿದರು. ಕಲಿತದ್ದನ್ನು ಪೌಲಾ, ಎವುಸ್ತೋಕಿಯಂ ಮುಂತಾದವರಿಗೆ ಹೇಳಿಕೊಟ್ಟರು. ಸುಮಾರು 390 ರಿಂದ 405 ರವರೆಗೆ, ಹದಿನೈದು ವರ್ಷಗಳ ಕಾಲ, ಹಿಬ್ರೂವಿನಿಂದ ಲತೀನಿಗೆ ಅನುವಾದ ಮಾಡಿದರು. ಓದು, ಹಾಡು, ಹೋಲಿಕೆ, ಪಾಠ ಹೇಳುವುದು, ಅನುವಾದ ಹೀಗೆ ಒಂದೇ ಭಾಷೆಗೆ ಅವರ ಮಠದಲ್ಲಿ ಹಲವು ಕೆಲಸಗಳಿದ್ದವು. ಆದ್ದರಿಂದಲೇ ಅದು ಉಳಿಯಿತು.

ಒಂದು ಗಿಡದ ಹೆಸರಿಗೆ ಎದ್ದ ಗದ್ದಲ

ಇಷ್ಟೆಲ್ಲ ಕಷ್ಟಪಟ್ಟು ಮಾಡಿದ ಅನುವಾದವನ್ನು ಜನ ಕೂಡಲೇ ಸ್ವಾಗತಿಸಿದರೇ? ಇಲ್ಲ. ಇಂದಿನ ಲಿಬಿಯಾದ ಟ್ರಿಪೊಲಿ ನಗರಕ್ಕೆ ಆಗ ಓಯ ಎಂಬ ಹೆಸರು. ಅಲ್ಲಿನ ದೇವಾಲಯದಲ್ಲಿ ಯೋನನ ಗ್ರಂಥವನ್ನು ಜೆರೋಮರ ಹೊಸ ಅನುವಾದದಲ್ಲಿ ಓದಿಸಲಾಯಿತು. ನಿನೆವೆಯ ಹೊರಗೆ ಯೋನನಿಗೆ ನೆರಳು ಕೊಟ್ಟ ಗಿಡ ಹಳೆಯ ಲತೀನ್ ಅನುವಾದದಲ್ಲಿ ಸೋರೆ. ಜೆರೋಮರು ಅದನ್ನು ‘ಐವಿ’ ಎಂಬ ಬಳ್ಳಿಯ ಹೆಸರಿಗೆ ಬದಲಿಸಿದ್ದರು. ತಲೆತಲಾಂತರದಿಂದ ಕೇಳಿದ ಮಾತು ಬದಲಾದದ್ದಕ್ಕೆ ಜನ ಗದ್ದಲವೆಬ್ಬಿಸಿದರು. ಧರ್ಮಾಧ್ಯಕ್ಷರಿಗೆ ತಮ್ಮ ಸಭೆಯನ್ನೇ ಕಳೆದುಕೊಳ್ಳುವ ಭಯ ಹುಟ್ಟಿತು. 403 ರಲ್ಲಿ ಸಂತ ಅಗಸ್ಟೀನರು ಈ ಸುದ್ದಿಯನ್ನು ಜೆರೋಮರಿಗೆ ಬರೆದು, ಹೊಸ ಅನುವಾದದಿಂದ ಲತೀನ್ ಮತ್ತು ಗ್ರೀಕ್ ಧರ್ಮಸಭೆಗಳ ನಡುವೆ ಬಿರುಕು ಬರಬಹುದೆಂಬ ಕಳವಳವನ್ನೂ ತಿಳಿಸಿದರು.

ಜೆರೋಮರ ಉತ್ತರ ಖಾರವಾಗಿಯೇ ಇತ್ತು. ಆದರೆ ಅವರ ವಿವರಣೆ ಕೇಳುವಂಥದ್ದು. ಮೂಲದಲ್ಲಿರುವ ಹಿಬ್ರೂ ಪದ ‘ಕಿಕಾಯೋನ್’. ಅದು ಅಗಲ ಎಲೆಯ, ಪಲೆಸ್ತೀನಿನ ಮರಳು ನೆಲದಲ್ಲಿ ಬೇಗ ಬೆಳೆಯುವ, ತನ್ನ ಕಾಂಡದ ಮೇಲೆ ತಾನೇ ನಿಲ್ಲುವ ಗಿಡ. ಲತೀನಿನಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಹಿಬ್ರೂ ಪದವನ್ನೇ ಇಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗಾಗಿ ಹಿಂದಿನ ಅನುವಾದಕರನ್ನು ಅನುಸರಿಸಿ ‘ಐವಿ’ ಎಂದೆ ಎಂದರು. ಅವರು ವರ್ಣಿಸಿದ ಗಿಡ ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಹರಳು ಗಿಡವೇ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಉತ್ತರ ಕರ್ನಾಟಕದವರು ಅದನ್ನು ಔಡಲ ಎನ್ನುತ್ತಾರೆ. ಜೆರೋಮರಿಗೆ ಕನ್ನಡ ಗೊತ್ತಿದ್ದರೆ ಈ ಜಗಳವೇ ಇರುತ್ತಿರಲಿಲ್ಲ!

ಅಗಸ್ಟೀನರ ಆತಂಕವನ್ನೂ ಹಗುರವಾಗಿ ಕಾಣಬಾರದು. ಪ್ರಾರ್ಥನೆಯ ಮಾತು ಜನರ ನಾಲಿಗೆಯಲ್ಲಿ ಬೇರೂರಿರುತ್ತದೆ, ಅದನ್ನು ಕೀಳುವಾಗ ನೋವಾಗುತ್ತದೆ. ಜೆರೋಮರು ಹಿಬ್ರೂವಿನಿಂದ ಮಾಡಿದ ಕೀರ್ತನೆಗಳ ಅನುವಾದವನ್ನು ಜನ ಕೊನೆಗೂ ಒಪ್ಪಲಿಲ್ಲ. ಗ್ರೀಕ್ ಮೂಲವನ್ನು ಆಧರಿಸಿ ಅವರೇ ಮೊದಲು ಪರಿಷ್ಕರಿಸಿದ್ದ ಕೀರ್ತನೆಗಳೇ ಬಳಕೆಯಲ್ಲಿ ಉಳಿದವು. ಉಳಿದ ಗ್ರಂಥಗಳು ಮಾತ್ರ ನಿಧಾನವಾಗಿ ನೆಲೆಯೂರಿದವು. ‘ವಲ್ಗಾತ’ ಎಂದು ಹೆಸರಾದ ಆ ಬೈಬಲನ್ನು 1546 ರಲ್ಲಿ ಟ್ರೆಂಟ್ ಮಹಾಸಭೆ ಅಧಿಕೃತವೆಂದು ಘೋಷಿಸಿತು. ಅಷ್ಟರಲ್ಲಿ ಜೆರೋಮರು ತೀರಿಕೊಂಡು ಸಾವಿರದ ನೂರಕ್ಕೂ ಹೆಚ್ಚು ವರ್ಷಗಳಾಗಿದ್ದವು.

ಕಣ್ಣು ಮಂಜಾದಾಗ

410 ರಲ್ಲಿ ರೋಮ್ ನಗರ ಶತ್ರುಗಳ ವಶವಾಯಿತು. ನಿರಾಶ್ರಿತರು ಬೆತ್ಲೆಹೇಮಿಗೂ ಬಂದರು. ಹಗಲೆಲ್ಲ ಅವರ ಆರೈಕೆ. ಬರವಣಿಗೆಗೆ ಉಳಿದದ್ದು ರಾತ್ರಿ ಮಾತ್ರ. ಎಜೆಕಿಯೇಲನ ಗ್ರಂಥದ ವ್ಯಾಖ್ಯಾನ ಬರೆಯುತ್ತಿದ್ದ ಜೆರೋಮರಿಗೆ ಆಗ ದೀಪದ ಬೆಳಕಿನಲ್ಲಿ ಹಿಬ್ರೂ ಅಕ್ಷರಗಳು ಕಾಣುತ್ತಿರಲಿಲ್ಲ. ಹಗಲಿನಲ್ಲೇ ಆ ಸಣ್ಣ ಅಕ್ಷರಗಳು ಕಣ್ಣಿಗೆ ಮಸುಕು ಎಂದು ಅವರು ಬರೆದಿದ್ದಾರೆ. ಗ್ರೀಕ್ ವ್ಯಾಖ್ಯಾನಗಳನ್ನು ಮಠದ ಸಹೋದರರು ಓದಿ ಹೇಳುತ್ತಿದ್ದರು. ಆದರೂ ಕೆಲಸ ನಿಲ್ಲಲಿಲ್ಲ. 420 ರ ಸೆಪ್ಟೆಂಬರ್ 30 ರಂದು ಬೆತ್ಲೆಹೇಮಿನಲ್ಲೇ ಅವರು ಪ್ರಭುವಿನಲ್ಲಿ ನಿದ್ರಿಸಿದರೆಂಬುದು ಧರ್ಮಸಭೆಯ ನಂಬಿಕೆ. ಅದರ 1600 ನೇ ವರ್ಷದ ನೆನಪಿಗೆ 2020 ರಲ್ಲಿ ಅಂದಿನ ಜಗದ್ಗುರು ಫ್ರಾನ್ಸಿಸರು ಒಂದು ಪ್ರೇಷಿತ ಪತ್ರವನ್ನು ಹೊರಡಿಸಿದರು. ವಿಶ್ವಸಂಸ್ಥೆಯು 2017 ರಲ್ಲಿ ಇದೇ ಸೆಪ್ಟೆಂಬರ್ 30 ನ್ನು ಅಂತರರಾಷ್ಟ್ರೀಯ ಅನುವಾದ ದಿನವೆಂದು ಸಾರಿದೆ.

ನಮ್ಮ ನಾಡಿಗೆ ಬಂದವರು

ಜೆರೋಮರ ಹಾದಿಯಲ್ಲಿ ನಡೆದವರು ನಮ್ಮ ನಾಡಿಗೂ ಬಂದರು. 17 ನೇ ಶತಮಾನದ ಮಧ್ಯದಲ್ಲಿ ಇಟಲಿಯಿಂದ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿಯವರು ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶ ಮಾಡಿದರು. ಬಾಸೆಲ್ ಮಿಷನ್ನಿನ ಫರ್ಡಿನಂಡ್ ಕಿಟೆಲ್ ನಮ್ಮ ಸಭೆಯವರಲ್ಲದಿದ್ದರೂ ಕನ್ನಡಿಗರೆಲ್ಲರೂ ನೆನೆಯುವ ಹೆಸರು. 1853 ರಲ್ಲಿ ಭಾರತಕ್ಕೆ ಬಂದ ಆ ಜರ್ಮನರು, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894 ರಲ್ಲಿ ಮಂಗಳೂರಿನಲ್ಲಿ ಹೊರತಂದರು. ಜರ್ಮನಿಗೆ ಮರಳಿದ ಮೇಲೂ ಅವರು ಕನ್ನಡದ ಕೈ ಬಿಡಲಿಲ್ಲ. ಅವರ ಕನ್ನಡ ವ್ಯಾಕರಣ ಪ್ರಕಟವಾದದ್ದು 1903 ರಲ್ಲಿ, ಅವರು ತೀರಿಕೊಂಡ ವರ್ಷದಲ್ಲಿ.

ನಮ್ಮ ಮನೆಗಳಿಗೆ ಒಂದು ಮಾತು

ಇಂದು ನಮ್ಮ ಧರ್ಮಕೇಂದ್ರಗಳ ಯುವಕ ಯುವತಿಯರು ನರ್ಸಿಂಗ್ ಕೆಲಸಕ್ಕೆಂದು ಜರ್ಮನ್ ಕಲಿಯುತ್ತಾರೆ, ಉನ್ನತ ವ್ಯಾಸಂಗಕ್ಕೆಂದು ಗುರುಗಳು ಇಟಾಲಿಯನ್ ಕಲಿಯುತ್ತಾರೆ. ಪರೀಕ್ಷೆ ಮುಗಿದ ಮೇಲೆ ಪುಸ್ತಕ ಕಪಾಟು ಸೇರುತ್ತದೆ; ವರ್ಷ ಕಳೆಯುವಷ್ಟರಲ್ಲಿ ಅರ್ಧ ಮರೆತುಹೋಗಿರುತ್ತದೆ. ಅಂಥವರು ಜೆರೋಮರಿಂದ ಕಲಿಯಬೇಕಾದದ್ದು ಇಷ್ಟೇ: ಪ್ರತಿದಿನ ಸ್ವಲ್ಪ ಓದಿ, ಗಟ್ಟಿಯಾಗಿ ಓದಿ. ಆ ಭಾಷೆಯಲ್ಲಿ ಒಂದು ಕೀರ್ತನೆಯನ್ನು, ಒಂದು ಜಪವನ್ನು ಬಾಯಿಪಾಠ ಮಾಡಿ. ಒಬ್ಬ ಜೊತೆಗಾರರನ್ನು ಹುಡುಕಿಕೊಳ್ಳಿ. ಗೊತ್ತಿಲ್ಲದ್ದನ್ನು ಕೇಳಲು ನಾಚಬೇಡಿ. ನಿಮಗಿಂತ ಕಿರಿಯರಿಗೆ ಹೇಳಿಕೊಡಿ. ಬಿಟ್ಟುಹೋಗಿದ್ದರೆ ಮತ್ತೆ ಆರಂಭಿಸಿ. ಅವರೂ ಎಷ್ಟೋ ಸಲ ಹಾಗೆಯೇ ಮಾಡಿದರು.

ತಂದೆ ತಾಯಂದಿರಿಗೂ ಅವರ ಬಳಿ ಸಲಹೆಯಿದೆ. ಸಂತ ಪೌಲಾರ ಸೊಸೆ ಲೇತಾ, ತನ್ನ ಪುಟ್ಟ ಮಗಳನ್ನು ಹೇಗೆ ಬೆಳೆಸಲಿ ಎಂದು ಕೇಳಿದಾಗ ಜೆರೋಮರು ಒಂದು ದೀರ್ಘ ಪತ್ರ ಬರೆದರು. ಮರದಲ್ಲೋ ದಂತದಲ್ಲೋ ಅಕ್ಷರಗಳನ್ನು ಮಾಡಿಸಿ ಕೊಡು, ಮಗು ಅವುಗಳೊಡನೆ ಆಡುತ್ತಾ ಕಲಿಯಲಿ. ಚೆನ್ನಾಗಿ ಓದಿದರೆ ಪುಟ್ಟ ಬಹುಮಾನ ಕೊಡು. ಜೊತೆಗೆ ಕಲಿಯಲು ಗೆಳತಿಯರಿರಲಿ. ನಿಧಾನವಾದರೆ ಗದರಬೇಡ ಎಂದರು. ಗ್ರೀಕ್ ಕಲಿಸು, ಆದರೆ ಜೊತೆಯಲ್ಲೇ ಲತೀನನ್ನೂ ಕಲಿಸು. ಎಳೆಯ ಬಾಯಿಗೆ ಮೊದಲಿನಿಂದಲೇ ಅದು ಒಗ್ಗದಿದ್ದರೆ ಪರಭಾಷೆಯ ಎಳೆತ ನಾಲಿಗೆಯಲ್ಲಿ ಉಳಿದುಬಿಡುತ್ತದೆ ಎಂದು ಎಚ್ಚರಿಸಿದರು. ಅತ್ತ ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯಲ್ಲಿ, ದಾದಿಯರ ಮುದ್ದಿನ ಮಾತಿನ ನಡುವೆ ಲತೀನ್ ತಾನಾಗಿ ಬಂತು, ಹೊಡೆತದ ಭಯದಲ್ಲಿ ಕಲಿತ ಗ್ರೀಕನ್ನು ದ್ವೇಷಿಸಿದೆ ಎಂದಿದ್ದಾರೆ. ಇಬ್ಬರು ಸಂತರೂ ಹೇಳುವುದು ಒಂದನ್ನೇ.

ನಮ್ಮ ಮನೆಗಳಲ್ಲಿ ಕನ್ನಡವಿದೆ, ಕೊಂಕಣಿಯಿದೆ, ತಮಿಳು ತೆಲುಗುಗಳಿವೆ. ಮಗು ಇಂಗ್ಲಿಷ್ ಕಲಿಯಲಿ, ಅದು ಅಗತ್ಯ. ಆದರೆ ಅಜ್ಜಿಯೊಡನೆ ಜಪಸರ ಹೇಳಲು ಮೊಮ್ಮಗುವಿಗೆ ಮಾತು ಬಾರದಂತಾದರೆ ಆ ಮನೆಯಲ್ಲಿ ಒಂದು ದೀಪ ಆರಿದಂತೆ. ಎರಡನೆಯ ವ್ಯಾಟಿಕನ್ ಮಹಾಸಭೆ 1963 ರಲ್ಲಿ ಬಲಿಪೂಜೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ನಮ್ಮ ಹಿರಿಯರು ಆ ನಂತರವೇ ಬಲಿಪೂಜೆಯನ್ನು ತಮ್ಮ ಮಾತಿನಲ್ಲಿ ಕೇಳಿದರು. ಆ ಮಾತನ್ನು ನಮ್ಮ ಮಕ್ಕಳು ಓದಲಾರದೆ ಹೋದರೆ ತೆರೆದ ಬಾಗಿಲಿನಿಂದ ಪ್ರಯೋಜನವೇನು?

ಈ ಹಬ್ಬದ ದಿನ ಪ್ರತಿಯೊಂದು ಕುಟುಂಬವೂ ಸಂಜೆಯ ಪ್ರಾರ್ಥನೆಯ ನಂತರ ಬೈಬಲಿನ ಒಂದು ಅಧ್ಯಾಯವನ್ನು ಮನೆಯ ಭಾಷೆಯಲ್ಲಿ ಮಕ್ಕಳಿಂದಲೇ ಗಟ್ಟಿಯಾಗಿ ಓದಿಸಲಿ. ತಡವರಿಸಿದರೆ ತಾಳ್ಮೆಯಿಂದ ತಿದ್ದಲಿ. ಮರುದಿನವೂ ಓದಿಸಲಿ. ಸಂತ ಜೆರೋಮರೇ, ನಮಗಾಗಿ ಪ್ರಾರ್ಥಿಸಿರಿ.